ವೆಂಜನ್ಸ್ ಬಾಂಬರ್ ಹಾರಿಸುವವರಿಗೆ ಒಂದು ಸಲಹೆ

ಮಡಿಕೇರಿಯ ಮಳೆಗಾಲದ ಸಂಜೆಗಳಲ್ಲಿ ಕಂಪ್ಯೂಟರಿನ ವಿಮಾನ ಹಾರಾಟದ ಸಿಮ್ಯುಲೇಟರ್ ಮುಂದೆ ಕೂರುವ ನಮ್ಮ ಗುಂಪಿನ ಹೆಚ್ಚಿನವರು ಸ್ಪಿಟ್‌ಫೈರ್ ಯುದ್ಧವಿಮಾನವನ್ನೇ ಆರಿಸಿಕೊಳ್ಳುತ್ತಾರೆ. 1943-44ರಲ್ಲಿ ಬರ್ಮಾ ಯುದ್ಧರಂಗದಲ್ಲಿ ನಮ್ಮ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಹಾರಿಸಿದ ವಲ್ಟೀ ವೆಂಜನ್ಸ್ ಎಂಬ, ಧುಮುಕಿ ಬಾಂಬ್ ಹಾಕುವ ವಿಮಾನವನ್ನೂ ಒಮ್ಮೆ ಪ್ರಯತ್ನಿಸಬೇಕೆಂಬುದು ನನ್ನ ಕೋರಿಕೆ. ಅದರ ರೆಕ್ಕೆಯನ್ನು ಒಡಲಿಗೆ ಸೊನ್ನೆ ಕೋನದಲ್ಲಿ, ಅಂದರೆ ಮುಂಚೂಣಿಯನ್ನು ಮೇಲೆತ್ತದೆ ಒಡಲಿಗೆ ಸಮಾನಾಂತರವಾಗಿ, ಜೋಡಿಸಿರುವುದರಿಂದ ನೇರ ಹಾರಾಟದಲ್ಲಿ ಮೂತಿ ಮೇಲೆದ್ದು ಮುಂದಿನ ನೋಟವನ್ನು ಮರೆಮಾಡುತ್ತದೆ. ಇದನ್ನು ದೋಷವೆಂದು ಭಾವಿಸಿ ಮೂತಿಯನ್ನು ತಗ್ಗಿಸಿದರೆ ಎತ್ತರ ಕಳೆದುಕೊಳ್ಳುತ್ತೀರಿ. ಅದೇ ಜೋಡಣೆಯ ಫಲವಾಗಿ, ನೆಟ್ಟಗೆ ಧುಮುಕುವಾಗ ವಿಮಾನವು ಅತ್ತಿತ್ತ ಸರಿಯದೆ ಗೆರೆ ಎಳೆದಂತೆ ಇಳಿಯುತ್ತದೆ. ಗುರಿಯು ರೆಕ್ಕೆಯಡಿ ಮರೆಯಾಗುವವರೆಗೆ ಕಾದು, ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ತಗ್ಗಿಸಿ, ಡೈವ್ ಬ್ರೇಕ್ (ಧುಮುಕುವ ವೇಗ ತಡೆಯುವ ರೆಕ್ಕೆಯ ಫಲಕಗಳು) ತೆರೆದು, ಬಳಿಕವೇ ವಿಮಾನವನ್ನು ಮಗುಚಿರಿ. ನಾನು 10,000 ಅಡಿಯಿಂದ ಧುಮುಕಿ 4,000 ಅಡಿಯಲ್ಲಿ ಬಾಂಬ್ ಬಿಡುತ್ತೇನೆ. ಅನಂತರ ವಿಮಾನ ನಡೆಸುವ ಸ್ಟಿಕ್ಕನ್ನು ಮೆಲ್ಲಗೆ ಎಳೆಯಿರಿ, ಬ್ರೇಕ್ ಮುಚ್ಚಲು ಮರೆಯದಿರಿ.