ಹಳೆ ಡೆಸ್ಕ್‌ಟಾಪ್‌ಗೆ ರ‍್ಯಾಮ್: ಮೊದಲು ಬೋರ್ಡ್ ನೋಡಿ, ಆಮೇಲೆ ಕೊಳ್ಳಿ

ರಾಯಚೂರು ಗಂಜ್‌ನ ದಲ್ಲಾಳಿ ಅಂಗಡಿಗಳಲ್ಲಿ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇನ್ನೂ ಲೆಕ್ಕ ಬರೆಯುತ್ತಿವೆ. ಟ್ಯಾಲಿ ಜೊತೆ ಬ್ರೌಸರ್ ತೆರೆದರೆ ಏದುಸಿರು ಬಿಡುವ ಇಂಥ ಯಂತ್ರಕ್ಕೆ ರ‍್ಯಾಮ್ ಹೆಚ್ಚಿಸುವುದೇ ಅಗ್ಗದ ಮದ್ದು. ಆದರೆ ಯಾವ ರ‍್ಯಾಮ್ ಕೂರುತ್ತದೆ ಎಂಬುದನ್ನು ತೀರ್ಮಾನಿಸುವುದು ಮದರ್‌ಬೋರ್ಡ್.

ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರ ಮೇನ್‌ಬೋರ್ಡ್ ಪುಟದಲ್ಲಿ ಬೋರ್ಡ್ ಮಾಡೆಲ್, ಚಿಪ್‌ಸೆಟ್ (ಬೋರ್ಡ್‌ನ ಭಾಗಗಳನ್ನು ನಿಭಾಯಿಸುವ ಮುಖ್ಯ ಚಿಪ್) ಹೆಸರು ಸಿಗುತ್ತವೆ. ಎಸ್‌ಪಿಡಿ ಪುಟದಲ್ಲಿ ಈಗಿರುವ ರ‍್ಯಾಮ್ ಡಿಡಿಆರ್2 ಇದೆಯೋ ಡಿಡಿಆರ್3 ಇದೆಯೋ ತಿಳಿಯುತ್ತದೆ; ಇವು ರ‍್ಯಾಮ್‌ನ ಬೇರೆ ಬೇರೆ ತಲೆಮಾರುಗಳು. ಎರಡಕ್ಕೂ 240 ಪಿನ್. ಆದರೆ ನಡುವಿನ ಕಚ್ಚಿನ ಜಾಗ ಬೇರೆ, ವೋಲ್ಟೇಜ್ 1.8 ಮತ್ತು 1.5. ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ, ಒತ್ತಿದರೆ ಸ್ಲಾಟೇ ಸೀಳುತ್ತದೆ. ಡಿಡಿಆರ್4ಕ್ಕೆ 288 ಪಿನ್, ಅದರ ಮಾತೇ ಬೇರೆ.

ಹೆಚ್ಚು ಜನ ಎಡವುವುದು ಜಿ41 ಚಿಪ್‌ಸೆಟ್‌ನಲ್ಲಿ. ಡಿಡಿಆರ್3 ಸ್ಲಾಟ್ ಇರುವ ಜಿ41 ಬೋರ್ಡ್ ಒಟ್ಟು 8 ಜಿಬಿವರೆಗೆ ಹೋಗುತ್ತದೆ. ಆದರೆ 4 ಜಿಬಿಯ ರ‍್ಯಾಮ್ ಕಡ್ಡಿಯಲ್ಲಿ ಒಂದೊಂದು ಬದಿಗೆ 8ರಂತೆ 16 ಚಿಪ್ ಇರಬೇಕು. ಹೊಸ ಕಡ್ಡಿಗಳಲ್ಲಿ ಎಂಟೇ ಚಿಪ್. ಒಂದೊಂದರ ಸಾಮರ್ಥ್ಯ ದುಪ್ಪಟ್ಟು, ಜಿ41ಗೆ ಅದನ್ನು ಓದಲು ಬರುವುದಿಲ್ಲ. ಯಂತ್ರ ಏಳುವುದೇ ಇಲ್ಲ, ಇಲ್ಲವೇ ಅರ್ಧವನ್ನಷ್ಟೇ ತೋರಿಸುತ್ತದೆ. 16 ಎಣಿಸಿದೊಡನೆ ದುಡ್ಡು ಕೊಡಬೇಡಿ. ‘ಎಎಂಡಿಗೆ ಮಾತ್ರ’ ಎಂದು ಅಗ್ಗಕ್ಕೆ ಮಾರುವ ಕಡ್ಡಿಗಳಲ್ಲೂ 16 ಚಿಪ್ ಇರುತ್ತವೆ, ಅವು ಜಿ41ನಂಥ ಇಂಟೆಲ್ ಬೋರ್ಡ್‌ನಲ್ಲಿ ನಡೆಯುವುದಿಲ್ಲ. ಸರ್ವರ್‌ನಿಂದ ಕಳಚಿ ತಂದ ರಿಜಿಸ್ಟರ್ಡ್ ರ‍್ಯಾಮ್ ಕೂಡ ಬೇಡ.

ಎಚ್61 ಚಿಪ್‌ಸೆಟ್‌ನ ಬೋರ್ಡ್ ಇದ್ದರೆ ಚಿಂತೆ ಕಡಿಮೆ: ಎರಡು ಸ್ಲಾಟ್, ಒಟ್ಟು 16 ಜಿಬಿ. ಎರಡನೇ ತಲೆಮಾರಿನ ಐ3 ಪ್ರೊಸೆಸರ್ ಇದ್ದರೆ 1600 ಮೆಗಾಹರ್ಟ್ಸ್‌ನ ಕಡ್ಡಿ 1333ರ ವೇಗಕ್ಕೆ ಇಳಿದು ಓಡುತ್ತದೆ, ತೊಂದರೆಯಿಲ್ಲ. ಒಂದು 8ರ ಬದಲು ಎರಡು 4 ಹಾಕಿದರೆ ಡ್ಯುಯಲ್ ಚಾನೆಲ್‌ನ (ಎರಡೂ ಕಡ್ಡಿ ಒಟ್ಟಿಗೆ ದುಡಿಯುವ) ಲಾಭವೂ ಸಿಗುತ್ತದೆ. ವಿಂಡೋಸ್ 32 ಬಿಟ್ ಆಗಿದ್ದರೆ ಮಾತ್ರ 4 ಜಿಬಿ ಮೇಲೆ ಹಾಕಿದ್ದು ದಂಡ. ಮೊದಲು 64 ಬಿಟ್‌ಗೆ ಬದಲಿಸಿ.

ಹಾಕುವಾಗ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಕಬ್ಬಿಣ ಮುಟ್ಟಿ. ನಮ್ಮ ಒಣ ಬೇಸಿಗೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಬೇಗ ಸೇರುತ್ತದೆ. ಗಣಿ ಲಾರಿ ಓಡಾಡುವ ಕಡೆ ಸ್ಲಾಟ್ ತುಂಬ ಕೆಂಧೂಳು ಕೂತಿರುತ್ತದೆ. ಒಣ ಬ್ರಷ್‌ನಿಂದ ತೆಗೆಯಿರಿ, ಬಾಯಿಂದ ಊದಬೇಡಿ, ಎಂಜಲಿನ ಪಸೆ ಒಳಗೆ ಹೋಗುತ್ತದೆ. ಹಳೆ ಕಡ್ಡಿಯ ಬಂಗಾರದ ಅಂಚು ಮಸುಕಾಗಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ. ಕಚ್ಚು ಹೊಂದಿಸಿ, ಎರಡೂ ತುದಿ ಸಮನಾಗಿ ಒತ್ತಿ; ಕ್ಲಿಪ್ ‘ಟಕ್’ ಎಂದು ಬೀಳಬೇಕು.

ಬೀಪ್ ಸದ್ದು ನಿಲ್ಲದಿದ್ದರೆ ಒಂದೊಂದೇ ಕಡ್ಡಿ ಹಾಕಿ, ಸ್ಲಾಟ್ ಬದಲಿಸಿ ನೋಡಿ. ಎದ್ದ ಮೇಲೆ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಿಸಿ. ತಪ್ಪು ತೋರಿಸುವ ಒಂದೇ ಒಂದು ಕೆಂಪು ಸಾಲು ಬಂದರೂ ಕಡ್ಡಿ ವಾಪಸ್ ಮಾಡಿ. ಅದಕ್ಕಾಗಿ ಕೊಳ್ಳುವಾಗಲೇ ಬಿಲ್ ಮೇಲೆ ಬೋರ್ಡ್ ಮಾಡೆಲ್ ಬರೆಸಿಕೊಂಡಿರಿ.