ಸೈನಿಕ ಶಾಲೆ, ಎನ್‌ಡಿಎಗೆ ಹೊರಡುವ ಮುನ್ನ ಲಸಿಕೆ ಲೆಕ್ಕ ಸರಿಪಡಿಸುವುದು ಹೇಗೆ?

ಕೂಡಿಗೆಯ ಸೈನಿಕ ಶಾಲೆಗೆ, ಖಡಕ್‌ವಾಸ್ಲಾದ ಎನ್‌ಡಿಎಗೆ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ), ಅಗ್ನಿವೀರ್ ತರಬೇತಿಗೆ ಮಕ್ಕಳನ್ನು ಕಳಿಸುವುದು ಕೊಡಗಿನ ಮನೆಗಳಿಗೆ ಹೊಸದಲ್ಲ. ಟ್ರಂಕು, ಶೂ, ಜಾತಿ ಪ್ರಮಾಣಪತ್ರಗಳ ಓಡಾಟ ಬೇಗ ಶುರುವಾಗುತ್ತದೆ. ಲಸಿಕೆ ಕಾರ್ಡು ನೆನಪಾಗುವುದು ಕೊನೆಯ ವಾರದಲ್ಲಿ. ಅಷ್ಟರಲ್ಲಿ ತಡವಾಗಿರುತ್ತದೆ. ಡೋಸ್‌ಗಳ ನಡುವೆ ಇಷ್ಟು ವಾರ ಬಿಡಬೇಕೆಂದಿದ್ದರೆ ಬಿಡಲೇಬೇಕು. ಹಾಗಾಗಿ ಆರು ತಿಂಗಳು ಮೊದಲೇ ಕೆಲಸ ಹಿಡಿಯಿರಿ.

ಲಸಿಕೆ ಬೇಡ ಎನ್ನಬಹುದೇ ಎಂದು ಕೇಳುವವರಿದ್ದಾರೆ. ನಾಗರಿಕರ ಮಟ್ಟಿಗೆ, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಕೋವಿಡ್ ಪ್ರಕರಣದಲ್ಲಿ ಹೇಳಿದೆ. ಸಮವಸ್ತ್ರ ತೊಟ್ಟವರ ಮಾತು ಬೇರೆ. ಕೋವಿಡ್ ಲಸಿಕೆ ನಿರಾಕರಿಸಿದ ವಾಯುಪಡೆ ಸಿಬ್ಬಂದಿಯೊಬ್ಬರನ್ನು ವಜಾ ಮಾಡಿದ್ದನ್ನು 2021ರಲ್ಲಿ ಕೇಂದ್ರ ಸರ್ಕಾರವೇ ಗುಜರಾತ್ ಹೈಕೋರ್ಟಿಗೆ ತಿಳಿಸಿತ್ತು. ವಾಯುಪಡೆಯಲ್ಲಿ ಲಸಿಕೆ ಸೇವಾ ಷರತ್ತು ಎಂಬುದು ಅದರ ವಾದ. ಅಮೆರಿಕದಲ್ಲಿ 2021ರ ಆಗಸ್ಟ್ 24ರಂದು ಸೇನೆಗೆ ಕೋವಿಡ್ ಲಸಿಕೆ ಕಡ್ಡಾಯವಾಯಿತು, 2023ರ ಜನವರಿ 10ರಂದು ಆ ಆದೇಶ ರದ್ದಾಯಿತು. ಉಳಿದ ಲಸಿಕೆಗಳ ಕಡ್ಡಾಯ ಅಲ್ಲಿಯೂ ಮುಂದುವರಿಯಿತು. ಒಂದೇ ಬ್ಯಾರಕ್‌ನಲ್ಲಿ ಹತ್ತಾರು ಮಂದಿ ಮಲಗುವ ಕಡೆ ಒಬ್ಬನಿಗೆ ಬರೀ ನೀರುಕೋಟಲೆ (ಚಿಕನ್‌ಪಾಕ್ಸ್) ಬಂದರೂ ಇಡೀ ತಂಡದ ತರಬೇತಿ ಕೆಡುತ್ತದೆ.

ಮೊದಲು ಕಾಗದ

ತಾಯಿ ಕಾರ್ಡು ಹುಡುಕಿ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದ್ದರೆ ಒಣಗಿಸಿ, ಪುಟಪುಟವೂ ಫೋಟೊ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ. ಲ್ಯಾಮಿನೇಷನ್ ಮಾತ್ರ ಬೇಡ. ಆಮೇಲೆ ಹೊಸ ಡೋಸ್ ಬರೆಯಲು, ಸೀಲು ಹಾಕಲು ಜಾಗವೇ ಇರುವುದಿಲ್ಲ. ಕಾರ್ಡು ಕಳೆದಿದ್ದರೆ ಮಗು ಬೆಳೆದ ಊರಿನ ಉಪಕೇಂದ್ರದ ಸಿಸ್ಟರ್ ಬಳಿ ಹಳೆಯ ರಿಜಿಸ್ಟರ್ ಕೇಳಿ, ಅದರ ಆಧಾರದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಸಹಿ, ಸೀಲು ಸಹಿತ ಪತ್ರ ಪಡೆಯಿರಿ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ–ರುಬೆಲ್ಲಾ ಅಭಿಯಾನ ನಡೆದಿತ್ತು. ಬಹಳ ಮಕ್ಕಳಿಗೆ ಶಾಲೆಯಲ್ಲೇ ಚುಚ್ಚಿದ್ದರಿಂದ ತಾಯಿ ಕಾರ್ಡಿನಲ್ಲಿ ಅದು ಇರುವುದಿಲ್ಲ. ಆಗ ಕೊಟ್ಟ ಚೀಟಿ ಸಿಕ್ಕರೆ ಜೋಡಿಸಿ. ಕೋವಿಡ್ ಪ್ರಮಾಣಪತ್ರ ಕೋವಿನ್‌ನಲ್ಲಿ ಸಿಗುತ್ತದೆ. ಅಂದು ಕೊಟ್ಟ ಮೊಬೈಲ್ ನಂಬರಿಗೇ ಓಟಿಪಿ ಬರುವುದು ಎಂಬುದು ನೆನಪಿರಲಿ.

ಇಲ್ಲಿನವರಿಗೆ ಹೆಚ್ಚು ತೊಡಕಾಗುವುದು ಹೆಸರಿನಲ್ಲಿ. ಹುಟ್ಟಿದಾಗಿನ ಕಾರ್ಡಿನಲ್ಲಿ ಬರೀ ತಾಯಿಯ ಹೆಸರು ಮತ್ತು 'ಗಂಡು ಮಗು'. ಆಧಾರ್‌ನಲ್ಲಿ ಮನೆ ಹೆಸರು ಪೂರ್ತಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅದರ ಇನಿಷಿಯಲ್ ಮಾತ್ರ. ಮೂರೂ ಒಬ್ಬರದೇ ಎಂದು ತೋರಿಸಲು ಜನನ ಪ್ರಮಾಣಪತ್ರ ಜೊತೆಗಿಡಿ. ಹೊಸ ಡೋಸ್‌ಗಳನ್ನು ಅಂಕಪಟ್ಟಿಯಲ್ಲಿರುವ ಹೆಸರಿನಲ್ಲೇ ಬರೆಸಿ.

ಬಿಟ್ಟುಹೋದದ್ದು ಯಾವುದು?

ಸರ್ಕಾರಿ ಪಟ್ಟಿಯಲ್ಲಿ 10 ಮತ್ತು 16ನೇ ವರ್ಷಕ್ಕೆ ಟಿಡಿ ಇದೆ, ಅಂದರೆ ಧನುರ್ವಾಯು ಮತ್ತು ಗಂಟಲಮಾರಿ ಲಸಿಕೆ. ಆರನೇ ತರಗತಿಗೆ ಹೋಗುವ ಮಗುವಿಗೆ ಮೊದಲನೆಯದು, ಎನ್‌ಡಿಎ ವಯಸ್ಸಿನವರಿಗೆ ಎರಡನೆಯದು ಆಗಿರಬೇಕು. ಆರೋಗ್ಯ ಕೇಂದ್ರದಲ್ಲಿ ಉಚಿತ. ಹಳೆಯ ಕಾರ್ಡಿನಲ್ಲಿ 'ಟಿಟಿ' ಎಂದಿದ್ದರೆ ಅದರಲ್ಲಿ ಗಂಟಲಮಾರಿಯ ಭಾಗ ಇರಲಿಲ್ಲ. ಇನ್ನು ಹೆಪಟೈಟಿಸ್ ಬಿ ಮೂರು ಡೋಸ್, ದಡಾರ–ಮಂಗನಬಾವು–ರುಬೆಲ್ಲಾದ ಎಂಎಂಆರ್ ಎರಡು, ನೀರುಕೋಟಲೆ ಬರದಿದ್ದವರಿಗೆ ಅದರದೂ ಎರಡು. ಈ ವಯಸ್ಸಿಗೆ ಇವು ಸಾಮಾನ್ಯವಾಗಿ ಖಾಸಗಿಯಲ್ಲಿ ದುಡ್ಡು ಕೊಟ್ಟೇ ಆಗಬೇಕು. ಟೈಫಾಯಿಡ್ ಲಸಿಕೆ ಒಂದು ಡೋಸ್. ಸೇರ್ಪಡೆ ಪತ್ರದ ಪಟ್ಟಿಯಲ್ಲಿ ಏನಿದೆಯೋ ಅದೇ ಅಂತಿಮ. ಅದರಲ್ಲಿಲ್ಲದ್ದಕ್ಕೆ ವೈದ್ಯರ ಸಲಹೆ ಕೇಳಿ.

ಕ್ಯಾಲೆಂಡರ್ ಹಿಂದಿನಿಂದ ಎಣಿಸಿ

ಹೆಪಟೈಟಿಸ್ ಬಿ ಸಾಮಾನ್ಯ ಕ್ರಮ 0, 1, 6 ತಿಂಗಳು. ಸಮಯ ಸಾಲದಿದ್ದರೂ ಒಂದರಿಂದ ಎರಡಕ್ಕೆ 4 ವಾರ, ಎರಡರಿಂದ ಮೂರಕ್ಕೆ 8 ವಾರ, ಮೊದಲನೆಯದರಿಂದ ಕೊನೆಯದಕ್ಕೆ ಒಟ್ಟು 16 ವಾರ ಬೇಕೇ ಬೇಕು. ಮಧ್ಯೆ ವರ್ಷಗಟ್ಟಲೆ ಬಿಟ್ಟುಹೋಗಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು.

ಎಂಎಂಆರ್ ಮತ್ತು ನೀರುಕೋಟಲೆ ಎರಡೂ ಜೀವಂತ ಲಸಿಕೆಗಳು, ಅಂದರೆ ದುರ್ಬಲಗೊಳಿಸಿದ ಜೀವಂತ ವೈರಸ್ ಇರುವಂಥವು. ಒಂದೇ ದಿನ ಬೇರೆ ಬೇರೆ ತೋಳಿಗೆ ಹಾಕಿಸಬಹುದು. ತಪ್ಪಿದರೆ ನಡುವೆ 28 ದಿನ ಬಿಡಬೇಕು. ಹತ್ತು ದಿನ ಬಿಟ್ಟು ಹಾಕಿಸಿದರೆ ಎರಡನೆಯದು ಸರಿಯಾಗಿ ಹಿಡಿಯದೇ ಹೋಗಬಹುದು, ಆ ಡೋಸ್ ಲೆಕ್ಕಕ್ಕೆ ಬರುವುದಿಲ್ಲ. ಟಿಡಿ, ಹೆಪಟೈಟಿಸ್ ಬಿಗಳಿಗೆ ಈ ನಿಯಮವಿಲ್ಲ. ಕ್ಷಯ ಪತ್ತೆಯ ಮಾಂಟೂ ಪರೀಕ್ಷೆ ಇದ್ದರೆ ಎಂಎಂಆರ್ ದಿನವೇ ಮಾಡಿಸಿ, ಇಲ್ಲವೇ 4 ವಾರ ಕಳೆಯಲಿ. ನಡುವೆ ಮಾಡಿಸಿದರೆ ಸೋಂಕಿದ್ದರೂ ಇಲ್ಲವೆಂದು ಬರಬಹುದು.

ವೈದ್ಯಕೀಯ ಪರೀಕ್ಷೆಯ ದಿನಾಂಕ ಬಂದಿದ್ದರೆ ಎರಡು ಎಚ್ಚರಿಕೆ. ಹೆಪಟೈಟಿಸ್ ಬಿ ಲಸಿಕೆಯಾದ ಮೇಲೆ ಸುಮಾರು ಮೂರು ವಾರದವರೆಗೂ ಆ ಸೋಂಕನ್ನು ಹುಡುಕುವ ಎಚ್‌ಬಿಎಸ್‌ಎಜಿ ರಕ್ತಪರೀಕ್ಷೆ ಲಸಿಕೆಯ ಕಾರಣಕ್ಕೇ ಪಾಸಿಟಿವ್ ಬರಬಹುದು. ಆರೋಗ್ಯವಂತ ಹುಡುಗ ಸುಮ್ಮನೆ ಮರುಪರೀಕ್ಷೆಗೆ ಅಲೆಯುವಂತಾಗುತ್ತದೆ. ಎಂಎಂಆರ್ ಜ್ವರ, ದದ್ದು ಬರುವುದು ಚುಚ್ಚಿದ ಮರುದಿನವಲ್ಲ, 7ರಿಂದ 12ನೇ ದಿನದೊಳಗೆ. ಓಟದ ಪರೀಕ್ಷೆ ಆ ವಾರದಲ್ಲಿ ಬೀಳದಂತೆ ನೋಡಿಕೊಳ್ಳಿ.

ಚುಚ್ಚಿಸುವಾಗ

ಸೂಜಿ ತೋಳಿಗೇ ಬೀಳಲಿ. ಪೃಷ್ಠಕ್ಕೆ ಹಾಕಿದ ಹೆಪಟೈಟಿಸ್ ಬಿ ಕೊಬ್ಬಿನಲ್ಲಿ ಉಳಿದು ಸರಿಯಾಗಿ ಕೆಲಸ ಮಾಡುವುದಿಲ್ಲ. ಗೋಣಿಕೊಪ್ಪದ ಮೆಡಿಕಲ್‌ನಿಂದ ಲಸಿಕೆಯ ವಯಲ್ (ಪುಟ್ಟ ಬಾಟಲಿ) ಕೊಂಡು ಜೇಬಿನಲ್ಲಿಟ್ಟು ಊರಿನ ಡಾಕ್ಟರ ಬಳಿ ಒಯ್ಯಬೇಡಿ. ಮಡಿಕೇರಿಯ ಚಳಿ ಫ್ರಿಜ್ ಅಲ್ಲ: ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ. ಹಾಗೆಂದು ಫ್ರೀಜರಿಗಿಟ್ಟರೆ ಹೆಪಟೈಟಿಸ್ ಬಿ, ಟಿಡಿ ಎರಡೂ ಹೆಪ್ಪುಗಟ್ಟಿ ಕೆಡುತ್ತವೆ, ಕರಗಿಸಿದರೂ ಸರಿಹೋಗುವುದಿಲ್ಲ. ದಾಸ್ತಾನಿರುವ ಆಸ್ಪತ್ರೆಯಲ್ಲೇ ಹಾಕಿಸಿ, ಬ್ರಾಂಡ್, ಬ್ಯಾಚ್ ನಂಬರ್, ದಿನಾಂಕ ಬರೆಸಿ. ವಯಲ್‌ನ ಸ್ಟಿಕರ್ ಅಂಟಿಸಿದರೆ ಇನ್ನೂ ಒಳ್ಳೆಯದು. ಹದಿವಯಸ್ಸಿನವರು ಸೂಜಿ ಚುಚ್ಚಿದ ಮೇಲೆ ತಲೆಸುತ್ತಿ ಬೀಳುವುದುಂಟು, 15ರಿಂದ 30 ನಿಮಿಷ ಕೂರಿಸಿ.

ನೆಗಡಿ ಇದ್ದರೆ ಮುಂದೂಡಬೇಕಿಲ್ಲ; ಜೋರು ಜ್ವರವಿದ್ದರೆ ಇಳಿಯಲಿ. ಹೆಚ್ಚಿನ ಪ್ರಮಾಣದ ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ, ಗರ್ಭಿಣಿಯರಿಗೆ ಜೀವಂತ ಲಸಿಕೆ ಸಲ್ಲದು. ಹಿಂದಿನ ಡೋಸಿಗೆ ಉಸಿರುಕಟ್ಟುವಂಥ ಅಲರ್ಜಿ ಆಗಿದ್ದರೆ ಯಾವ ಲಸಿಕೆ, ಯಾವ ದಿನ, ಏನು ಚಿಕಿತ್ಸೆ ಎಂದು ತಜ್ಞವೈದ್ಯರಿಂದ ಬರೆಸಿಕೊಳ್ಳಿ. 'ಲಸಿಕೆ ಆಗುವುದಿಲ್ಲ' ಎಂಬ ಒಂದು ಸಾಲಿನ ಚೀಟಿಗೆ ಅಲ್ಲಿ ಬೆಲೆಯಿಲ್ಲ.

ಸೇರುವ ದಿನ

ಮೂಲ ಕಾರ್ಡು ಕೈಬಿಡದೆ ಜೆರಾಕ್ಸ್ ಕೊಡಿ. ದಾಖಲೆಯನ್ನು ಮೊದಲ ದಿನವೇ ವೈದ್ಯಾಧಿಕಾರಿಗೆ ತೋರಿಸಿ, ಇಲ್ಲವಾದರೆ ಆದ ಲಸಿಕೆಯನ್ನೇ ಮತ್ತೆ ಹಾಕಬಹುದು. ಟಿಡಿ ಬೇಗ ಬೇಗ ಮರುಕಳಿಸಿದರೆ ತೋಳು ಮೊಣಕೈವರೆಗೂ ಊದುವುದುಂಟು. ಮುಂದೆ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಆಫ್ರಿಕಾಕ್ಕೆ ಹೋಗುವ ಅವಕಾಶ ಬಂದರೆ ಹಳದಿ ಜ್ವರದ ಲಸಿಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು. ಅದಕ್ಕೆ ಸರ್ಕಾರ ನಿಗದಿಪಡಿಸಿದ ಕೇಂದ್ರಗಳಲ್ಲಿ ಕೊಡುವ ಹಳದಿ ಪುಸ್ತಿಕೆಯೊಂದೇ ಮಾನ್ಯ. 2016ರ ಜುಲೈಯಿಂದ ಅದರ ಅವಧಿ ಜೀವನಪರ್ಯಂತ.