ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಕ್ಕೆ ತಕ್ಕ ನಿಯಮಾವಳಿಯನ್ನು ಆರಿಸುವ ಬಗೆ

ರೋಲ್‌ಪ್ಲೇಯಿಂಗ್ ಆಟವೆಂದರೆ ಆಟಗಾರರು ಒಂದೊಂದು ಪಾತ್ರವಾಗಿ, ದಾಳಗಳ ನೆರವಿನಿಂದ ಕಲ್ಪನೆಯ ಕಥೆಯೊಂದನ್ನು ಮಾತಿನಲ್ಲೇ ಕಟ್ಟುವ ಆಟ. ಅದರ ನಿಯಮಾವಳಿಯನ್ನು ಆರಿಸುವ ಮುನ್ನ ಆಡಲು ಬರುವವರು ಎಷ್ಟು ಮಂದಿ, ಅವರಿಗೆ ಎಷ್ಟು ಹೊತ್ತಿನ ಬಿಡುವಿದೆ ಎಂಬುದನ್ನು ಲೆಕ್ಕ ಹಾಕಬೇಕು. ವೈಟ್‌ಫೀಲ್ಡ್‌ನಿಂದ ಜಯನಗರಕ್ಕೆ ಹೊರಟ ಗೆಳೆಯ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅರ್ಧ ಸಂಜೆ ಕಳೆದಿರುತ್ತದೆ.

2014ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ನಿಯಮಾವಳಿಯ ಐದನೆಯ ಆವೃತ್ತಿಯಲ್ಲಿ ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಹೆಚ್ಚುವರಿ ಅಂಕವನ್ನು ಕೂಡಿಸಿ, ನಿಗದಿತ ಸಂಖ್ಯೆಯನ್ನು ಮುಟ್ಟಿದರೆ ಕೆಲಸ ಕೈಗೂಡುತ್ತದೆ. 2019ರ ಪಾತ್‌ಫೈಂಡರ್ ಎರಡನೆಯ ಆವೃತ್ತಿಯೂ ಇದೇ ದಾಳವನ್ನು ಬಳಸುತ್ತದೆಯಾದರೂ, ಪ್ರತಿ ಸರದಿಗೆ ಮೂರು ಕ್ರಿಯೆಗಳನ್ನು ಕೊಡುವುದರಿಂದ, ಕಾಳಗದ ತಂತ್ರಗಾರಿಕೆಯಲ್ಲಿ ಆಸಕ್ತಿಯುಳ್ಳವರಿಗೆ ಹೆಚ್ಚು ಒಪ್ಪುತ್ತದೆ.

ಡಂಜನ್ ವರ್ಲ್ಡ್ ಎಂಬ ಮೂರನೆಯ ನಿಯಮಾವಳಿಗಾದರೋ ಮನೆಯ ಲೂಡೊ ಡಬ್ಬಿಯಲ್ಲಿರುವಂಥ ಆರು ಮುಖದ ಎರಡು ದಾಳಗಳೇ ಮುಖ್ಯ. ಹಂಪಿಯಂಥ ಪಾಳುನಗರಿಯಲ್ಲಿ ಕಾವಲುಗಾರನ ಕಣ್ತಪ್ಪಿಸಿ ಗೋಡೆ ಹತ್ತುವಾಗ ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪೂರ್ಣ ಯಶಸ್ಸು. 7ರಿಂದ 9ರೊಳಗೆ ಬಂದರೆ ಗೋಡೆಯನ್ನೇನೋ ಹತ್ತುತ್ತೀರಿ, ಆದರೆ ಹೆಗಲಿನ ಚೀಲ ಸದ್ದು ಮಾಡುತ್ತ ಕೆಳಗೆ ಬೀಳಬಹುದು. ಕಥೆಗೆ ಕಳೆ ತರುವುದು ಈ ಅರೆಗೆಲುವೇ ಎಂಬುದು ನನ್ನ ಅಭಿಪ್ರಾಯ.

ಮೊದಲೆರಡರ ಮೂಲ ನಿಯಮಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದರಿಂದ, ದಪ್ಪ ಪುಸ್ತಕಗಳಿಗೆ ಹಣ ಸುರಿಯುವ ಮುನ್ನ ಒಂದು ಭಾನುವಾರ ಒಂದೇ ಕಾಳಗವನ್ನು ಎರಡೂ ಪದ್ಧತಿಗಳಲ್ಲಿ ಆಡಿ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಗುರುತು ಹಾಕಿಕೊಳ್ಳಿ.